ಗುಡ್ಡದ ಮಂದಿ ಅಂದ್ರೆ ಸಿನಿಮಾದವರಿಗೆ ಬರೀ ಬಂದೂಕು, ಮೀಸೆ, ಹುಳುಕು ಹಲ್ಲು ಅಷ್ಟೇನಾ?

ಮಾಳಮಡ್ಡಿ ಮಳೆ:

ಉದ್ದ ಇದೆ ರೀ, ಚಹಾ ಇಟ್ಟುಕೊಂಡು ಓದಿ.

ಹೋದ ಶನಿವಾರ ನಮ್ಮ ಮನೆಯಲ್ಲಿ ಐದಾರು ಜನ ಸೇರಿ 'ಡೆಲಿವರೆನ್ಸ್' ನೋಡಿದೆವು. 1972ರ ಅಮೆರಿಕದ ಸಿನಿಮಾ, ನಿರ್ದೇಶಕರು ಜಾನ್ ಬೂರ್ಮನ್. ನಾನು ಇದನ್ನು ಮೊದಲು ನೋಡಿದ್ದು ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದಾಗ, ಯಾರೋ ತಂದ ಗೀರು ಬಿದ್ದ ಸಿಡಿಯಲ್ಲಿ. ಒಂದೇ ರೂಮಿನಲ್ಲಿ ಇಪ್ಪತ್ತು ಹುಡುಗರು. ಆಗ ನಾವೆಲ್ಲ ನಕ್ಕಿದ್ದೆವು. ಯಾವ ಜಾಗದಲ್ಲಿ ನಕ್ಕಿದ್ದೆವು ಅನ್ನುವುದು ಈ ಸಲ ನೆನಪಾಯ್ತು, ಅದಕ್ಕೇ ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಅಟ್ಲಾಂಟಾ ಶಹರದ ನಾಲ್ಕು ಜನ ಗೆಳೆಯರು. ಜಾರ್ಜಿಯಾದ ಗುಡ್ಡಗಳ ನಡುವೆ ಒಂದು ಹೊಳೆ. ಅದಕ್ಕೆ ಡ್ಯಾಮ್ ಕಟ್ಟುತ್ತಿದ್ದಾರೆ, ಎಲ್ಲಾ ಮುಳುಗುವ ಮೊದಲು ಒಂದು ಸಲ ದೋಣಿಯಲ್ಲಿ ಇಳಿದು ಬರೋಣ ಅಂತ ಹೊರಡುತ್ತಾರೆ. ಕಾಡಿನಲ್ಲಿ ಗುಡ್ಡದ ಇಬ್ಬರು ಗಂಡಸರು ಬಂದೂಕು ತೋರಿಸಿ ಅಡ್ಡ ಹಾಕುತ್ತಾರೆ. ಒಬ್ಬನನ್ನು ಮರಕ್ಕೆ ಬಿಗಿದು ಇನ್ನೊಬ್ಬನ ಮೇಲೆ ಅತ್ಯಾಚಾರ ಮಾಡುತ್ತಾರೆ. ಅವನನ್ನು ಹಂದಿಯ ಹಾಗೆ ಕೂಗಿಸುತ್ತಾರೆ. ನಾವು ನಕ್ಕಿದ್ದು ಅಲ್ಲಿ. ಇಪ್ಪತ್ತೂ ಜನ. ಆಮೇಲೆ ಒಂದು ತಿಂಗಳು ಮೆಸ್‌ನಲ್ಲಿ ಒಬ್ಬರಿಗೊಬ್ಬರು ಹಂದಿ ಕೂಗು ಕೂಗಿದ್ದೇ ಕೂಗಿದ್ದು.

ಆ ಪಾತ್ರ ಮಾಡಿದವರು ನೆಡ್ ಬೀಟಿ, ಅದು ಅವರ ಮೊದಲ ಸಿನಿಮಾ. ಅವರನ್ನು ಕಂಡಲ್ಲೆಲ್ಲ ಗಂಡಸರು 'ಹಂದಿಯ ಹಾಗೆ ಕೂಗು' ಅನ್ನುವ ಆ ಮಾತನ್ನೇ ಕೂಗುತ್ತಿದ್ದರಂತೆ. ಅದರ ಬಗ್ಗೆ 1989ರಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದಿದ್ದಾರೆ. ಅಂದರೆ ನಮ್ಮ ಹಾಸ್ಟೆಲ್ ಹುಡುಗರು ಹೊಸದೇನೂ ಮಾಡಿರಲಿಲ್ಲ, ಅಮೆರಿಕದವರೂ ಅದನ್ನೇ ಮಾಡುತ್ತಿದ್ದರು. ಹೆಣ್ಣಿನ ಮೇಲೆ ಇದೇ ನಡೆದಿದ್ದರೆ ರೂಮು ಗಪ್‌ಚುಪ್ ಆಗುತ್ತಿತ್ತು ಅಂದುಕೊಳ್ಳುತ್ತೇನೆ. ಗಂಡಸಿನ ಮೇಲೆ ಆದಾಗ ನಗು ಯಾಕೆ ಬಂತು? ಹೆದರಿಕೆಗೆ ಬಂತು ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ವಿಷಯ. ಆ ಇಬ್ಬರು ಗುಡ್ಡದ ಗಂಡಸರಿಗೆ ಹೆಸರೇ ಇಲ್ಲ. ಕೊನೆಯಲ್ಲಿ ಪಾತ್ರಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ ಒಬ್ಬ 'ಗುಡ್ಡದ ಮನುಷ್ಯ', ಇನ್ನೊಬ್ಬ 'ಹಲ್ಲಿಲ್ಲದವ'. ಅಷ್ಟೇ. ಶಹರದವರಲ್ಲಿ ಲೂಯಿಸ್ ಅಂತ ಒಬ್ಬ ಇದ್ದಾನೆ, ಬರ್ಟ್ ರೆನಾಲ್ಡ್ಸ್ ಮಾಡಿದ್ದು. ತೋಳು ತೋರಿಸಿಕೊಂಡು, ಬಿಲ್ಲು ಹಿಡಿದುಕೊಂಡು, ನಾನು ಕಾಡಿನಲ್ಲಿ ಬದುಕಬಲ್ಲೆ ಅಂತ ಕೊಚ್ಚಿಕೊಳ್ಳುವವ. ಅವನ ಕಾಲೇ ಮುರಿದು ದೋಣಿಯಲ್ಲಿ ಮಲಗಿಬಿಡುತ್ತಾನೆ. ಆಮೇಲೆ ಪೈಪ್ ಸೇದುವ ಮೆತ್ತಗಿನ ಎಡ್ ಬಂಡೆ ಹತ್ತಿ, ಮೇಲಿದ್ದ ಒಬ್ಬ ಗುಡ್ಡದವನನ್ನು ಬಾಣ ಬಿಟ್ಟು ಕೊಲ್ಲುತ್ತಾನೆ. ಸತ್ತವನು ಅಂದು ಅಡ್ಡ ಹಾಕಿದವನೇ ಹೌದೋ ಅಲ್ಲವೋ ಅಂತ ಕೊಂದವನಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಗುಡ್ಡದವರೆಲ್ಲ ಒಂದೇ ಥರ ಕಾಣುತ್ತಾರಲ್ಲ!

ನನ್ನ ಪ್ರಕಾರ ಈ ಸಿನಿಮಾ ಗುಡ್ಡದ ಜನರ ಬಗ್ಗೆ ಅಲ್ಲವೇ ಅಲ್ಲ. ತಾನು ಗಂಡಸು ಹೌದೋ ಅಲ್ಲವೋ ಅಂತ ಶಹರದವನು ಪರೀಕ್ಷೆ ಬರೆಯಲು ಹೋಗುತ್ತಾನೆ, ಗುಡ್ಡ ಅವನ ಪರೀಕ್ಷಾ ಹಾಲ್, ಗುಡ್ಡದವರು ಪ್ರಶ್ನೆಪತ್ರಿಕೆ. ಪ್ರಶ್ನೆಪತ್ರಿಕೆಗೆ ಯಾರಾದರೂ ಹೆಸರಿಡುತ್ತಾರಾ?

ಈಗ ನಮ್ಮ ಕಡೆ ಬನ್ನಿ. ನಮ್ಮದು 'ಗಂಡು ಮೆಟ್ಟಿದ ನಾಡು'. ಬ್ಯಾನರ್‌ನಲ್ಲಿ ಹಾಕುತ್ತೇವೆ, ಭಾಷಣದಲ್ಲಿ ಹೇಳುತ್ತೇವೆ, ಎದೆ ಉಬ್ಬಿಸುತ್ತೇವೆ. ಆದರೆ ಸಿನಿಮಾದಲ್ಲಿ ನಮ್ಮ ಕಡೆಯ ಗಂಡಸು ಬಂದರೆ ಏನಾಗಿರುತ್ತಾನೆ? ಒಂದೋ ಕೊಡಲಿ ಹಿಡಿದ ಹುರಿಮೀಸೆಯವ, ಇಲ್ಲವೇ ಬಾಯಿ ತೆರೆದರೆ ನಗಿಸುವ ಜೋಕರ್. ಅವನಿಗೆ ಬ್ಯಾಂಕಿನಲ್ಲಿ ಕೆಲಸ ಇರುವುದಿಲ್ಲ, ಬಿಪಿ ಇರುವುದಿಲ್ಲ, ಮಗಳ ಫೀಸಿನ ಚಿಂತೆ ಇರುವುದಿಲ್ಲ. ನಿಮಗೆ ಏನನ್ನಿಸುತ್ತದೆ?

ದುರ್ಗದಬೈಲ್ ಗಿರಮಿಟ್:

ಸಿನಿಮಾವನ್ನು ಸಿನಿಮಾ ಥರ ನೋಡಿ ಅಣ್ಣಾರೆ. ವಿಲನ್ ಎಲ್ಲಿಂದಲಾದರೂ ಬರಲೇಬೇಕಲ್ಲ, ಆಕಾಶದಿಂದ ಬೀಳುತ್ತಾನಾ? ಅದರಲ್ಲಿ ಶಹರದವರೇನು ಸಾಚಾನಾ? ಸುಳ್ಳು ಹೇಳುತ್ತಾರೆ, ಹೆಣ ಹೂಳುತ್ತಾರೆ, ಪೊಲೀಸರಿಗೆ ಮಣ್ಣು ಎರಚುತ್ತಾರೆ. ಮತ್ತೆ ಬ್ಯಾಂಜೊ ಅನ್ನುವ ತಂತಿವಾದ್ಯ ಬಾರಿಸುವ ಆ ಗುಡ್ಡದ ಹುಡುಗ? ಶಹರದವನ ಗಿಟಾರ್‌ಗೆ ಜುಗಲ್‌ಬಂದಿ ಕೊಟ್ಟು ಸೋಲಿಸಿ ಕೂರಿಸುತ್ತಾನೆ. ಗುಡ್ಡದವನೇ ಗೆದ್ದ ಹಾಗಾಯ್ತಲ್ಲ.

'ಗಂಡು ಮೆಟ್ಟಿದ ನಾಡು' ಅಂದರೆ ನಾಚಿಕೆ ಯಾಕೆ ಪಡಬೇಕು, ಅದೂ ಹೇಳಿಬಿಡಿ.

ಮಾಳಮಡ್ಡಿ ಮಳೆ:

ಗಿರಮಿಟ್ ಅವರೇ, ಆ ಬ್ಯಾಂಜೊ ಹುಡುಗನ ಕಥೆ ಕೇಳಿ. ಚಿತ್ರೀಕರಣ ನಡೆದ ಜಾರ್ಜಿಯಾದ ರೇಬನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಶಾಲೆಯ ಹುಡುಗ ಅವನು. ಅವನಿಗೆ ಬ್ಯಾಂಜೊ ಬಾರಿಸಲು ಬರುತ್ತಲೇ ಇರಲಿಲ್ಲ! ಬರೀ ಮುಖ ನೋಡಿ ಆರಿಸಿದ್ದು. ಅದೂ ಸಾಲದು ಅಂತ ತಲೆ ಬೋಳಿಸಿ, ಬಿಳಿ ಪೌಡರ್ ಬಳಿದರು. ತಂತಿಯ ಮೇಲೆ ಓಡಾಡುವ ಒಂದು ಕೈ ಅವನದಲ್ಲ. ಬಾರಿಸಲು ಬರುವ ಇನ್ನೊಬ್ಬ ಅವನ ಹಿಂದೆ ಅಡಗಿ ಕೂತು ಅಂಗಿಯ ತೋಳಿನೊಳಗೆ ಕೈ ತೂರಿಸಿದ್ದ. ನಮಗೆ ಕೇಳುವ ಸಂಗೀತ ನುಡಿಸಿದವರು ಎರಿಕ್ ವೈಸ್‌ಬರ್ಗ್ ಮತ್ತು ಸ್ಟೀವ್ ಮ್ಯಾಂಡೆಲ್. ಆ ರಾಗದ ಮೂಲ ಆರ್ಥರ್ ಸ್ಮಿತ್ ಅನ್ನುವವರ 1955ರ ಧ್ವನಿಮುದ್ರಣ, ಸಿನಿಮಾದವರು ಕೇಳದೇ ಬಳಸಿದ್ದಕ್ಕೆ ಅವರು ಕೋರ್ಟಿಗೆ ಹೋಗಿ ಗೆದ್ದರು. ಈಗ ಹೇಳಿ, ಗೆದ್ದವರು ಯಾರು?

ಇನ್ನೂ ಒಂದು ತಮಾಷೆ. ಬ್ಯಾಂಜೊ ಅಂದರೆ ಈಗ ಎಲ್ಲರಿಗೂ ಬಿಳಿಯ ಗುಡ್ಡದವನೇ ಕಣ್ಣಿಗೆ ಬರುತ್ತಾನೆ. ಆದರೆ ಆ ವಾದ್ಯದ ಬೇರು ಆಫ್ರಿಕಾದ್ದು, ಗುಲಾಮರಾಗಿ ಬಂದವರ ಕೈಯಲ್ಲಿ ಅದು ಅಮೆರಿಕಕ್ಕೆ ಬಂತು. ಹಳಿಯಾಳ, ಯಲ್ಲಾಪುರ, ನಮ್ಮ ಕಲಘಟಗಿ ಕಡೆಯ ಆಫ್ರಿಕಾ ಮೂಲದ ಸಿದ್ದಿ ಜನ ನೆನಪಾದರು. ಅವರ ಡಮಾಮಿ ಡೋಲಿನ ಬಡಿತ ಒಂದು ಸಲ ಕೇಳಿದವರು ಮರೆಯುವುದಿಲ್ಲ. ನಾನು ನೋಡಿದ ಸಿನಿಮಾಗಳಲ್ಲಂತೂ ಅವರಿಗೆ ಸಿಕ್ಕಿದ್ದು ವಿಲನ್ ಬೆನ್ನ ಹಿಂದೆ ಮಾತಿಲ್ಲದೆ ನಿಲ್ಲುವ ಕೆಲಸ. ಹಾಗಾಗಿ ನಾವೇ ಪಾಪದವರು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನವರಿಗೆ ನಾವು ಹೇಗೋ, ನಮಗೆ ಘಟ್ಟದ ಮಂದಿ ಹಾಗೆ.

ಕಪ್ಪತಗುಡ್ಡ ಗಾಳಿ:

ಗದಗ ಜಿಲ್ಲೆ, ಮುಂಡರಗಿ ಕಡೆಯವನು ನಾನು. ಒಂದು ಘಟನೆ ಹೇಳುತ್ತೇನೆ. ಸಿನಿಮಾದ ಹೆಸರು ಬೇಡ.

ಕೆಲವು ವರ್ಷದ ಹಿಂದೆ ನಮ್ಮೂರ ಹತ್ತಿರ ಶೂಟಿಂಗ್‌ಗೆ ಬಂದಿದ್ದರು. ಊರ ಹಿರಿಯರು ಕಟ್ಟೆಯ ಮೇಲೆ ಕೂತ ಒಂದು ಸೀನ್. ನಮ್ಮ ದೊಡ್ಡಪ್ಪ ರಿಟೈರ್ಡ್ ಮಾಸ್ತರು. ಸಿನಿಮಾದಲ್ಲಿ ಬರುತ್ತೇನೆ ಅಂತ ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಂಧಿ ಟೋಪಿ, ಕನ್ನಡಕ ಹಾಕಿಕೊಂಡು ಹೋದರು. ಅಲ್ಲಿದ್ದ ಒಬ್ಬ ಹುಡುಗ, ಇಪ್ಪತ್ತೈದು ವರ್ಷ ಇರಬಹುದು, ಅಜ್ಜಾರೆ ಇದು ನಡೆಯುವುದಿಲ್ಲ ಅಂದ. ಕನ್ನಡಕ ತೆಗೆಸಿದ. ಅಂಗಿ ಬಿಚ್ಚಿಸಿ ಹರಿದ ಬನಿಯನ್ ಕೊಟ್ಟ, ಹೆಗಲಿಗೆ ಕಂಬಳಿ ಹಾಕಿದ. ಕೈಗೆ ಬೀಡಿ ಕೊಟ್ಟ. ದೊಡ್ಡಪ್ಪ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಹೀರೋ ಬಂದಾಗ ಎಲ್ಲರೂ ಬಾಯಿ ತೆರೆದು ನೋಡಬೇಕು, ಅಷ್ಟೇ ಅಭಿನಯ. ಸಂಜೆ ಐನೂರು ರೂಪಾಯಿ ಕೊಟ್ಟರು. ದೊಡ್ಡಪ್ಪ ಅದನ್ನು ಮನೆಗೆ ತರಲಿಲ್ಲ, ಗುಡಿಯ ಹುಂಡಿಗೆ ಹಾಕಿದರು. ಸಿನಿಮಾ ಬಂದಾಗ ಊರೆಲ್ಲ ಗದಗಿಗೆ ಹೋಗಿ ನೋಡಿತು, ಅವರು ಹೋಗಲಿಲ್ಲ.

ಗುಡ್ಡದವರಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ ಅಂತ ಸಿನಿಮಾದವರನ್ನು ಕೇಳಿದರೆ ಕೊಡಲಿ ಎತ್ತುತ್ತಾರೆ ಅನ್ನುತ್ತಾರೆ. 2011ರಲ್ಲಿ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ತೆಗೆದುಕೊಳ್ಳಲು ಹೊರಟಾಗ ನಮ್ಮ ಕಡೆ ಏನಾಯ್ತು? ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ರೈತರು ರಸ್ತೆಗೆ ಬಂದರು, ಕಾರ್ಖಾನೆ ಬರಲಿಲ್ಲ. ಕಪ್ಪತಗುಡ್ಡ ಉಳಿಸಲೂ ಹಾಗೇ. ಅರ್ಜಿ, ಧರಣಿ, ಮತ್ತೆ ಅರ್ಜಿ, ಮತ್ತೆ ಧರಣಿ. ಕೊನೆಗೆ 2019ರಲ್ಲಿ ವನ್ಯಜೀವಿ ಧಾಮ ಆಯ್ತು. ಅರ್ಜಿಯ ಜೆರಾಕ್ಸ್ ಮಾಡಿಸಲು ಬಿಸಿಲಲ್ಲಿ ಸಾಲು ನಿಂತ ಗಂಡಸನ್ನು ಯಾರು ಸಿನಿಮಾ ಮಾಡುತ್ತಾರೆ ಹೇಳಿ.

ಬ್ಯಾಡಗಿ ಖಾರ:

ದೊಡ್ಡಪ್ಪಾರ ಕಥೆ ಓದಿ ಹೊಟ್ಟೆ ಉರಿಯಿತು.

ಮಾಳಮಡ್ಡಿ ಮಳೆ:

ಗಾಳಿ ಅಣ್ಣಾರೆ, ನಿಮ್ಮದನ್ನು ಓದಿ 1967ರ ಒಂದು ಘಟನೆ ನೆನಪಾಯ್ತು. ಅಮೆರಿಕದ ಕೆಂಟಕಿ ರಾಜ್ಯದ ಲೆಚರ್ ಕೌಂಟಿ, ಕಲ್ಲಿದ್ದಲ ಗುಡ್ಡಗಳ ಸೀಮೆ. 1964ರಲ್ಲಿ ಅಧ್ಯಕ್ಷ ಜಾನ್ಸನ್ ಬಡತನದ ಮೇಲೆ ಯುದ್ಧ ಅಂತ ಸಾರಿ, ಅದೇ ಕೆಂಟಕಿಯ ಐನೆಜ್ ಅನ್ನುವ ಊರಿಗೆ ಬಂದು ಒಂದು ಬಡ ಮನೆಯ ಜಗುಲಿಯಲ್ಲಿ ಕೂತು ಹೋಗಿದ್ದರು. ಆಮೇಲೆ ಆ ಕಡೆ ಕ್ಯಾಮೆರಾಗಳ ಜಾತ್ರೆ. ಎಲ್ಲರಿಗೂ ಹರಕು ಬಟ್ಟೆಯ ಮಕ್ಕಳೇ ಬೇಕು, ಮುರುಕು ಜಗುಲಿಯೇ ಬೇಕು. ಕೆನಡಾದ ಹ್ಯೂ ಓ'ಕಾನರ್ ಅನ್ನುವ ನಿರ್ದೇಶಕ ಅಲ್ಲಿ ಬಾಡಿಗೆ ಮನೆಯ ಮುಂದೆ ಕೂತಿದ್ದ ಗಣಿ ಕೆಲಸಗಾರನನ್ನು ಚಿತ್ರೀಕರಿಸುತ್ತಿದ್ದರು. ಕೆಲಸಗಾರ ಒಪ್ಪಿದ್ದ. ಮನೆಯ ಮಾಲೀಕ ಹೋಬಾರ್ಟ್ ಐಸನ್ ಬಂದು, ನನ್ನ ಜಾಗದಿಂದ ಹೊರಡಿ ಅಂತ ಗುಂಡು ಹಾರಿಸಿದ. ಅವರು ಹೊರಡುತ್ತಲೇ ಇದ್ದರು. ಓ'ಕಾನರ್ ಅಲ್ಲೇ ಸತ್ತರು.

ಊರಿನ ಎಷ್ಟೋ ಜನ ಕೊಂದವನ ಪರ ನಿಂತರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ಆಮೇಲೆ ತಪ್ಪೊಪ್ಪಿಕೊಂಡ, ಹತ್ತು ವರ್ಷ ಶಿಕ್ಷೆ ಆಯ್ತು, ಒಂದೇ ವರ್ಷಕ್ಕೆ ಹೊರಗೆ ಬಂದ. ಅದೇ ಗುಡ್ಡಗಳ ಸೀಮೆಯವರಾದ ಎಲಿಜಬೆತ್ ಬ್ಯಾರೆಟ್ 2000ದಲ್ಲಿ ಇದರ ಮೇಲೆ 'ಸ್ಟ್ರೇಂಜರ್ ವಿತ್ ಎ ಕ್ಯಾಮೆರಾ' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಅದು ಐಸನ್‌ನನ್ನು ಹೊಗಳುವುದಿಲ್ಲ, ಹಾಗಂತ ಕ್ಯಾಮೆರಾದವರನ್ನೂ ಸುಮ್ನೆ ಬಿಡುವುದಿಲ್ಲ.

ನಾನು ಕೊಲೆಯನ್ನು ಸಮರ್ಥಿಸುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನನ್ನ ತಲೆ ಕೊರೆಯುವುದು ಬೇರೆ. ಗುಡ್ಡದವನು ಬಂದೂಕಿನವನು ಅಂತ ತೋರಿಸುತ್ತೀರಿ ಅನ್ನುವ ಸಿಟ್ಟಿಗೆ ಅವನು ಎತ್ತಿಕೊಂಡದ್ದೂ ಬಂದೂಕನ್ನೇ. ಮತ್ತೆ ಆ ಮಾನ ಯಾರದು? ಜಗುಲಿಯ ಮೇಲೆ ಕೂತಿದ್ದ ಕೂಲಿಯವನಿಗೆ ಇಲ್ಲದ ಅವಮಾನ ಬಾಡಿಗೆ ಎಣಿಸುವವನಿಗೆ ಆಯ್ತು.

ದುರ್ಗದಬೈಲ್ ಗಿರಮಿಟ್:

ಇದು ಗೊತ್ತಿರಲಿಲ್ಲ. ನೋಡುತ್ತೇನೆ.

ಆದರೂ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ನಮ್ಮ ಅಜ್ಜ ಹಳೇ ಹುಬ್ಬಳ್ಳಿಯಲ್ಲಿ ಪೈಲ್ವಾನ್ ಆಗಿದ್ದರು. ಗರಡಿಮನೆಯಲ್ಲಿ ಅವರು ಏನು ಮಾಡುತ್ತಿದ್ದರು ಗೊತ್ತಾ? ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕೆಮ್ಮಣ್ಣು ಹದ ಮಾಡುವುದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ತುಳಿಯುವುದು. ಹುಡುಗರಿಗೆ ಬಾದಾಮಿ ಅರೆದು ಕೊಡುವುದು. ಕುಸ್ತಿ ಆದ ಮೇಲೆ ಸೋತ ಹುಡುಗನ ಕಾಲು ತಿಕ್ಕುವುದು. ಹೊರಗೆ ಯಾರ ಮೇಲಾದರೂ ಕೈ ಮಾಡಿದ ಅಂತ ಗೊತ್ತಾದರೆ ಆ ಹುಡುಗನಿಗೆ ಗರಡಿ ಬಂದ್. ನನಗೆ ಗಂಡು ಮೆಟ್ಟಿದ ನಾಡು ಅಂದರೆ ಅದು. ಸಿನಿಮಾದವರು ಅದನ್ನು ಮಚ್ಚು ಮಾಡಿದರು ಅಂತ ಆ ಮಾತನ್ನೇ ನಾನು ಯಾಕೆ ಬಿಡಬೇಕು?

ಮಾಳಮಡ್ಡಿ ಮಳೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ರೀ. ಅಜ್ಜಾರ ಬಗ್ಗೆ ಇನ್ನೂ ಬರೆಯಿರಿ.

ಬ್ಯಾಡಗಿ ಖಾರ:

ನಾನು ಬಿಡಲು ತಯಾರಿದ್ದೇನೆ! ನಾಡು ಮೆಟ್ಟಿದ್ದು ಬರೀ ಗಂಡಾ? ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೈ ಉರಿ ನೋಡಿದ್ದೀರಾ ಯಾರಾದರೂ? ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ, ಮಗುವಿನ ಮುಖ ಮುಟ್ಟುವಂತಿಲ್ಲ.

ಇಷ್ಟು ಹೊತ್ತು ಎಲ್ಲರೂ ಗಂಡಸರ ಬಗ್ಗೆಯೇ ಹೇಳಿದಿರಿ, ಈಗ ನನ್ನದು ಕೇಳಿ. ಗುಡ್ಡಗಾಡಿನ ಸಿನಿಮಾ ಅಂದರೆ ನನಗೆ 2010ರ 'ವಿಂಟರ್ಸ್ ಬೋನ್'. ಡೆಬ್ರಾ ಗ್ರಾನಿಕ್ ಮಾಡಿದ್ದು, ಮಿಸೌರಿಯ ಓಝಾರ್ಕ್ ಗುಡ್ಡಗಳಲ್ಲಿ ತೆಗೆದದ್ದು, ಅಲ್ಲಿನ ಜನರನ್ನೂ ಪಾತ್ರಕ್ಕೆ ಹಾಕಿಕೊಂಡಿದ್ದಾರೆ. ಹದಿನೇಳು ವರ್ಷದ ಹುಡುಗಿ. ಅಪ್ಪ ಡ್ರಗ್ಸ್ ಕುದಿಸುವವ, ಮನೆಯನ್ನೇ ಜಾಮೀನಿಗೆ ಇಟ್ಟು ನಾಪತ್ತೆ ಆಗಿದ್ದಾನೆ. ಅವನು ಸಿಗದಿದ್ದರೆ ಮನೆ ಹೋಗುತ್ತದೆ. ತಮ್ಮ ತಂಗಿಯನ್ನು ಸಾಕುತ್ತಾ ಇವಳು ಅವನನ್ನು ಹುಡುಕುತ್ತಾಳೆ. ತಮ್ಮ ತಂಗಿಗೆ ಅಳಿಲು ಹೊಡೆಯುವುದು, ಸುಲಿಯುವುದು ಕಲಿಸುತ್ತಾಳೆ. ಆ ಗುಡ್ಡದಲ್ಲಿ ಗಂಡಸಿನ ಮಾತು ಮೀರುವ ಹಾಗಿಲ್ಲ. ಆದರೆ ಈ ಹುಡುಗಿ ಪ್ರಶ್ನೆ ಕೇಳಿದಾಗ ಅವಳನ್ನು ಎಳೆದುಕೊಂಡು ಹೋಗಿ ಹೊಡೆಯುವವರು ಯಾರು? ಆ ಮನೆಯ ಹೆಂಗಸರು! ನಮ್ಮ ಮನೆಗಳಲ್ಲಿ ಹಾಗಿಲ್ಲವಾ? ಗಂಡಸು ಕಟ್ಟೆಯ ಮೇಲೆ ಮೀಸೆ ತಿರುವುತ್ತಾ ಕೂತಿರುತ್ತಾನೆ, ಅವನ ಮೀಸೆ ಕಾಯುವ ಕೆಲಸ ಅತ್ತೆಯದು. ಈ ಮಾತಿಗೆ ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಇನ್ನೊಂದು, 'ಹಾರ್ಲನ್ ಕೌಂಟಿ ಯುಎಸ್ಎ'. 1976ರ ಸಾಕ್ಷ್ಯಚಿತ್ರ, ಬಾರ್ಬರಾ ಕೊಪಲ್ ಅವರದು, ಆಸ್ಕರ್ ಬಂದಿದೆ. ಕೆಂಟಕಿಯ ಗಣಿಯ ಮುಷ್ಕರ. ಗಂಡಂದಿರ ಮುಷ್ಕರಕ್ಕೆ ಹೆಂಡಂದಿರು ಬೆಳಗಿನ ಕತ್ತಲೆಯಲ್ಲಿ ಬಡಿಗೆ ಹಿಡಿದು ರಸ್ತೆಗೆ ಅಡ್ಡ ನಿಲ್ಲುತ್ತಾರೆ. ಡೆಲಿವರೆನ್ಸ್ ಬಂದು ನಾಲ್ಕೇ ವರ್ಷಕ್ಕೆ ಬಂದದ್ದು ಇದು. ಇದೂ ಗುಡ್ಡವೇ. ಹೆಸರಿರುವ ಗುಡ್ಡದ ಮಂದಿ.

ಮೆಡ್ಲೇರಿ ಕಂಬಳಿ:

ಅಕ್ಕಾರೆ, ಸಿಟ್ಟು ಬರಲಿಲ್ಲ, ನಗು ಬಂತು. ನಮ್ಮವ್ವ ಹಾಗೇ ಇದ್ದಾಳೆ.

ನಾನು ಕುರಿಗಾರರ ಮನೆಯ ಹುಡುಗ. ಸಿನಿಮಾದಲ್ಲಿ ಕಂಬಳಿ ಹೊತ್ತವನು ಬಂದರೆ ಒಂದೋ ಏನೂ ತಿಳಿಯದ ಮುಗ್ಧ, ಇಲ್ಲ ಅಂದರೆ ಹೀರೋ ವೇಷ ಹಾಕಿಕೊಂಡು ಬಂದಿದ್ದಾನೆ ಅಂತ ಅರ್ಥ. ನಮ್ಮಪ್ಪ ಕುರಿ ಹಿಂದೆ ನಡೆಯುತ್ತಾ ಕೈಯಲ್ಲಿ ಉಣ್ಣೆ ನೂಲುತ್ತಾನೆ. ಆ ಮೀಸೆ, ಆ ಮೈಕಟ್ಟು, ಕೈಯಲ್ಲಿ ನೂಲು. ತಾಯಿ ಸತ್ತ ಮರಿಯನ್ನು ಕಂಬಳಿಯೊಳಗೆ ಎದೆಗೆ ಹಚ್ಚಿಕೊಂಡು ಮಲಗುತ್ತಾನೆ, ಬಾಟಲಿಯಲ್ಲಿ ಹಾಲು ಕುಡಿಸುತ್ತಾನೆ, ಅದಕ್ಕೆ ಲಾಲಿ ಥರ ಏನೋ ಗುನುಗುತ್ತಾನೆ. ರಾತ್ರಿ ತೋಳ ಬಂದರೆ ಬಡಿಗೆ ಹಿಡಿದು ಏಳುವವನೂ ಅವನೇ. ಎರಡೂ ಅವನೇ ಅಲ್ವಾ? ಸಿನಿಮಾದವರು ತೋಳದ ಸೀನ್ ಮಾತ್ರ ತೆಗೆಯುತ್ತಾರೆ.

ಕಪ್ಪತಗುಡ್ಡ ಗಾಳಿ:

ಒಳ್ಳೆಯವರು, ಧೀರರು ಅಂತ ಒಂದೇ ಅಚ್ಚಿನಲ್ಲಿ ತೋರಿಸುವುದೂ ಪಂಜರವೇ. ನನ್ನ ಜೊತೆ ಓದಿದ ಒಬ್ಬ ಕೊಡವ ಗೆಳೆಯ ಇದ್ದ. 1990ರ 'ಮುತ್ತಿನ ಹಾರ' ಎಲ್ಲರೂ ನೋಡಿದ್ದೀರಿ, ವಿಷ್ಣುವರ್ಧನ್ ಕೊಡವ ಸೈನಿಕ. ನನಗೂ ಇಷ್ಟದ ಸಿನಿಮಾ, ಪ್ರತಿ ಸಲ ಅಳುತ್ತೇನೆ. ಆದರೆ ಈ ನನ್ನ ಗೆಳೆಯನಿಗೆ ಹೋದಲ್ಲೆಲ್ಲ ಅದೇ ಕೇಳುತ್ತಿದ್ದರು, ಮನೆಯಲ್ಲಿ ಎಷ್ಟು ಬಂದೂಕು, ಮಿಲಿಟರಿ ಯಾಕೆ ಸೇರಲಿಲ್ಲ. ಅವನು ಲೆಕ್ಕ ಪರಿಶೋಧಕ. ಪಟಾಕಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವನು. ಅದನ್ನು ಯಾರಿಗೂ ಹೇಳಬೇಡ ಅಂತಿದ್ದ.

ದುರ್ಗದಬೈಲ್ ಗಿರಮಿಟ್:

ಹೇಳಿಬಿಟ್ಟಿರಲ್ಲ ಈಗ.

ಕಪ್ಪತಗುಡ್ಡ ಗಾಳಿ:

ಹೆಸರು ಹೇಳಿಲ್ಲ ಬಿಡಿ.

ದಾಂಡೇಲಿ ರಸ್ತೆ:

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ ಇದ್ದೆ.

ಡೆಲಿವರೆನ್ಸ್ ತೆಗೆದದ್ದು ಚಟೂಗಾ ಹೊಳೆಯಲ್ಲಿ. ಸಿನಿಮಾ ನೋಡಿದ ಜನ ದೋಣಿ ಹೊತ್ತುಕೊಂಡು ಅಲ್ಲಿಗೆ ಹೋಗಲು ಶುರು ಮಾಡಿದರು, ಬಂಡೆಗೆ ಬಡಿದು ಮುಳುಗಿ ಸತ್ತವರೂ ಇದ್ದಾರೆ. ಎಲ್ಲರಿಗೂ ಆ ಲೂಯಿಸ್ ಆಗಬೇಕಿತ್ತು. ನಮ್ಮ ಕಾಳಿ ಹೊಳೆಗೆ ಶನಿವಾರ ಭಾನುವಾರ ಬರುವವರನ್ನು ನೋಡಿ. ಬೆಂಗಳೂರಿನವರು ಅಂತ ಬೈಯಬೇಡಿ, ಹುಬ್ಬಳ್ಳಿ ಧಾರವಾಡದ ಗಾಡಿಗಳೂ ಕಡಿಮೆ ಇಲ್ಲ. ಚಡ್ಡಿ ಹಾಕಿಕೊಂಡು, ರಾಫ್ಟ್ ಮೇಲೆ ನಿಂತು ಕೂಗುವುದು. ಹುಟ್ಟು ಹಾಕುವ ಗೈಡ್ ಹುಡುಗನ ಹೆಸರು ಒಬ್ಬರೂ ಕೇಳುವುದಿಲ್ಲ. ಅವನಿಗೂ 'ಗುಡ್ಡದ ಮನುಷ್ಯ' ಅಂತಲೇ ಹೆಸರು.

ನಮ್ಮ ಅಪ್ಪನ ಊರು ಸೂಪಾ ಹಿನ್ನೀರಿನಲ್ಲಿ ಹೋಯ್ತು. 101 ಮೀಟರ್ ಎತ್ತರದ ಡ್ಯಾಮ್. ಆ ನೀರಿನ ಕರೆಂಟಿನಿಂದ ನಿಮ್ಮ ಫ್ಯಾನೂ ತಿರುಗುತ್ತಿರಬಹುದು, ಈಗ ನನ್ನದೂ ತಿರುಗುತ್ತದೆ. ಅಪ್ಪ ರಾಮನಗರದ ಪುನರ್ವಸತಿ ಮನೆಯಲ್ಲಿ ಇದ್ದರು. ಅಮ್ಮ ಹೋದ ಮೇಲೆ ನಾನೇ ಧಾರವಾಡಕ್ಕೆ ಕರೆದುಕೊಂಡು ಬಂದೆ. ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು, ಇಂಗ್ಲಿಷ್ ಅವರಿಗೆ ಬರುವುದಿಲ್ಲ. ನಿನ್ನೆ ರಾತ್ರಿ ಈ ಚರ್ಚೆ ಓದಿ ನಾನು ಸಿನಿಮಾ ಹಾಕಿಕೊಂಡು ಕೂತೆ. ಆ ಅತ್ಯಾಚಾರದ ಭಾಗ ದಾಟಿಸಿದೆ, ಅಪ್ಪನ ಮುಂದೆ ಹೇಗೆ ನೋಡುವುದು. ಬಾಣ ಬಿಡುವಾಗ ಅವರು ತೂಕಡಿಸುತ್ತಿದ್ದರು.

ಕೊನೆಗೆ ಒಂದು ಜಾಗ ಬರುತ್ತದೆ, ನೀವ್ಯಾರೂ ಅದನ್ನು ಹೇಳಲಿಲ್ಲ. ಊರು ಮುಳುಗುತ್ತದೆ ಅಂತ ಸ್ಮಶಾನ ಅಗೆದು ಶವಪೆಟ್ಟಿಗೆ ಹೊರಗೆ ತೆಗೆಯುತ್ತಿರುತ್ತಾರೆ. ಚರ್ಚನ್ನು ಹಾಗೇ ಎತ್ತಿ ಗಾಡಿಯ ಮೇಲೆ ಸಾಗಿಸುತ್ತಿರುತ್ತಾರೆ. ಹೆಚ್ಚು ಹೊತ್ತಿಲ್ಲ, ಬಂದು ಹೋಗುತ್ತದೆ. ಅಪ್ಪ ಎದ್ದು ಕೂತರು. ಹಿಂದೆ ಹಾಕು ಅಂದರು. ಹಾಕಿದೆ. ಮತ್ತೆ ಹಾಕು ಅಂದರು. ಮೂರು ಸಲ ನೋಡಿದರು.

ಆಮೇಲೆ ಹೇಳಿದರು, ನಾವು ದೇವರನ್ನು ಎತ್ತಿಕೊಂಡು ಬಂದೆವು, ನಮ್ಮ ಅಪ್ಪನನ್ನು ಅಲ್ಲೇ ಬಿಟ್ಟು ಬಂದೆವು.

ಅವರು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅಮ್ಮ ಹೋದಾಗಲೂ ಅತ್ತಿರಲಿಲ್ಲ.

ಬ್ಯಾಡಗಿ ಖಾರ:

ಅಯ್ಯೋ.

ಮಾಳಮಡ್ಡಿ ಮಳೆ:

ಆ ದೃಶ್ಯ ನನಗೆ ನೆನಪೇ ಇಲ್ಲ ಅಂದರೆ ನಂಬುತ್ತೀರಾ? ಎರಡು ಸಲ ನೋಡಿದ್ದೇನೆ.

ದುರ್ಗದಬೈಲ್ ಗಿರಮಿಟ್:

ಮುಂದಿನ ಶನಿವಾರ ಅಪ್ಪಾರನ್ನು ಮಾಳಮಡ್ಡಿಗೆ ಕರೆದುಕೊಂಡು ಬನ್ನಿ. ಸಿನಿಮಾ ಬೇಡ, ಸುಮ್ನೆ ಕೂತು ಅವರ ಊರಿನ ಬಗ್ಗೆ ಕೇಳೋಣ. ಗಿರಮಿಟ್ ನನ್ನದು.

ದಾಂಡೇಲಿ ರಸ್ತೆ:

ಕೇಳಿದೆ, ಬರುತ್ತಾರಂತೆ. ಖಾರ ಕಡಿಮೆ ಇರಲಿ ರೀ, ಅವರಿಗೆ ಆಗುವುದಿಲ್ಲ.